ದ್ವೀಪದ ಆ ಭಯಾನಕ ಕಾದಂಬರಿ: ರಕ್ತ ಜಾಸ್ತಿಯಾಯಿತೇ?

ಶಿರಸಿ_ಓದುಗ:
ಜೂನ್ ತಿಂಗಳಲ್ಲಿ ಕಾರವಾರದ ಎದುರಿನ ದ್ವೀಪವೊಂದರಲ್ಲಿ ದೋಣಿ ಒಡೆದು ಐವರು ಸಿಕ್ಕಿಬೀಳುವ ಕಾದಂಬರಿ ನಮ್ಮ ಓದುಕೂಟದ ಈ ತಿಂಗಳ ಪುಸ್ತಕ. ಅರ್ಧ ಜನ ಒಂದೇ ರಾತ್ರಿಯಲ್ಲಿ ಮುಗಿಸಿದ್ದಾರೆ, ಉಳಿದವರು ಕಾಲಿನ ಗಾಯಕ್ಕೆ ಹುಳ ಬೀಳುವಲ್ಲಿ ಮುಚ್ಚಿಟ್ಟಿದ್ದಾರೆ. ಹೇಸಿಗೆ ಹುಟ್ಟಿಸಲೆಂದೇ ಬರೆದದ್ದೋ, ಹುರುಳೂ ಇದೆಯೋ? ಗಟ್ಟಿಯಾಗಿ ಓದುವಾಗ ಯಾವ ಭಾಗ ಬಿಡಬಹುದು?

ಬೈತಖೋಲ:
ದೋಣಿ ಬಾರದಿರುವುದು ಸರಿಯಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಅಲೆಗೆ ನಾಡದೋಣಿಯೂ ಅಷ್ಟು ದೂರ ಹೋಗದು. ಆದರೆ ಬಾಯಾರಿ ಸಾಯುವುದನ್ನು ಒಪ್ಪಲಾಗದು ಮಾರಾಯ್ರೆ. ಅವರ ಬಳಿ ಟಾರ್ಪಾಲು ಇದೆಯೆಂದು ಎರಡನೇ ಅಧ್ಯಾಯದಲ್ಲೇ ಬರೆದಿದ್ದಾರೆ. 2×3 ಮೀಟರ್ ಟಾರ್ಪಾಲಿಗೆ 10 ಮಿ.ಮೀ. ಮಳೆ ಬಿದ್ದರೆ 60 ಲೀಟರ್. ಗಾಳಿಗೆ ಅರ್ಧ ಚೆಲ್ಲಿಹೋದರೂ ಐವರಿಗೆ ಎರಡು ದಿನಕ್ಕೆ ಸಾಕು. ಮೊದಲು ಬಿದ್ದ ನೀರನ್ನು ಮಾತ್ರ ಚೆಲ್ಲಬೇಕು, ಅದರಲ್ಲಿ ಅಲೆಯ ಉಪ್ಪೂ ಹಕ್ಕಿಯ ಹಿಕ್ಕೆಯೂ ಇರುತ್ತದೆ. ಅಲ್ಲಿ ನಿಜವಾಗಿ ಕೊಲ್ಲುವುದು ಚಳಿ: ಒದ್ದೆ ಬಟ್ಟೆ, ಗಾಳಿ, ಒಣ ಕಟ್ಟಿಗೆ ಇಲ್ಲ.

ಸಿದ್ದಾಪುರ_ಪಶುವೈದ್ಯ:
ಹುಳದ ಅಧ್ಯಾಯ ಬಿಡಬೇಡಿ, ಪುಸ್ತಕದಲ್ಲಿ ಅತಿ ನಿಖರವಾದದ್ದು ಅದೇ. ಗಾಯದ ಅಂಚಿನಲ್ಲಿ ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೆ ಒಡೆಯುತ್ತದೆ. ಸಾಮಾನ್ಯ ನೊಣದ ಮರಿ ಕೊಳೆತ ಮಾಂಸ ತಿನ್ನುತ್ತದೆ. ಸ್ಕ್ರೂವರ್ಮ್ ನೊಣದ ಮರಿ ತಲೆಕೆಳಗಾಗಿ ಜೀವಂತ ಮಾಂಸವನ್ನೇ ಕೊರೆಯುತ್ತದೆ. ದನದ ಗಾಯದಲ್ಲಿ ಕಂಡವರಿಗೆ ಆ ನಾತದ ವರ್ಣನೆ ಅತಿಯೆನಿಸದು. ತಪ್ಪಿರುವುದು ಚಿಕಿತ್ಸೆಯಲ್ಲಿ. ಸಮುದ್ರದ ನೀರು ಸುರಿದ ಕೂಡಲೇ ಹುಳವೆಲ್ಲ ಉದುರುತ್ತವಂತೆ. ಒಳಹೊಕ್ಕವು ಹಾಗೆ ಬರುವುದಿಲ್ಲ. ಹುಳ ಉಸಿರಾಡುವ ರಂಧ್ರ ಅದರ ಹಿಂಭಾಗದಲ್ಲಿದೆ. ಗಾಯದ ತುಂಬ ಎಣ್ಣೆ ಹಾಕಿ ಉಸಿರು ಕಟ್ಟಿಸಿದರೆ ಮೇಲೆ ಬರುತ್ತವೆ, ಆಗ ಚಿಮಟಿಗೆಯಲ್ಲಿ ಒಂದೊಂದಾಗಿ ತೆಗೆಯಬೇಕು. ಅವರ ಚೀಲದಲ್ಲೇ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತಲ್ಲ!

ಕುಮಟಾ_ಕಡೆಯವಳು:
ನನ್ನ ತಕರಾರು ಬೇರೆ. ಹುಳ ಒಮ್ಮೆ ಬಂದಾಗ ಮೈ ಜುಮ್ಮೆನ್ನುತ್ತದೆ. ಆಮೇಲೆ ಮೂಳೆ, ಕಣ್ಣು, ಹಸಿ ಕರುಳು, ಅಧ್ಯಾಯಕ್ಕೊಂದು. ನಾಲ್ಕನೆಯದಕ್ಕೆ ಬರುವಾಗ ಓದುವವರು ಪುಟ ಹಾರಿಸುತ್ತಾರೆ. ನಿಜವಾದ ಹೆದರಿಕೆ ಬೆಂಕಿಕಡ್ಡಿ ಎಣಿಸುವಲ್ಲಿದೆ: ರಾತ್ರಿ ಹನ್ನೊಂದು ಕಡ್ಡಿ, ಬೆಳಿಗ್ಗೆ ಒಂಬತ್ತೇ ಕಡ್ಡಿ, ಯಾರೂ ಬೆಂಕಿ ಹಚ್ಚಿಲ್ಲ. ಒಂದು ಹನಿ ರಕ್ತವಿಲ್ಲದೆ ಐವರೂ ಪರಸ್ಪರ ದೂರ ಕೂರುತ್ತಾರೆ. 7 ಮತ್ತು 9ನೇ ಅಧ್ಯಾಯ ಬಿಡಿ, ಅಲ್ಲಿ ಯಾರ ನಿರ್ಧಾರವೂ ಬದಲಾಗುವುದಿಲ್ಲ. ಶಾಲೆ ಮಕ್ಕಳು ಬರುವುದಿದ್ದರೆ ಮನೆಯವರಿಗೆ ಮೊದಲೇ ತಿಳಿಸಿ.

ಶಿರಸಿ_ಓದುಗ:
ಹಾಗಾದರೆ ಬೆಂಕಿಕಡ್ಡಿಯಿಂದಲೇ ಶುರು ಮಾಡುತ್ತೇವೆ.

ಬೈತಖೋಲ:
ಅದಕ್ಕೆ ಮೊದಲು ಟಾರ್ಪಾಲಿನ ಪುಟ ಓದಿ. ಇಲ್ಲದಿದ್ದರೆ ಆ ಮಳೆಯಲ್ಲಿ ಕಡ್ಡಿ ಒಣಗಿದ್ದುದು ಹೇಗೆಂದು ಕೇಳುತ್ತಾರೆ.