ಹೋಲ್ಸ್ಟ್‌ನ ‘ಪ್ಲಾನೆಟ್ಸ್’ ಲೈವ್ ಆರ್ಕೆಸ್ಟ್ರಾ, ಮೇಲೆ ನಾಸಾ ಚಿತ್ರಗಳು: ಯಾವ ಸೀಟು ತಗೊಳ್ಳಲಿ?

ಸಂಪಿಗೆ_ಟೆಕ್ಸಾಸ್: ಮುಂದಿನ ತಿಂಗಳು ನಮ್ಮೂರ ಸಿಂಫನಿಯವರು ಇಂಗ್ಲಿಷ್ ಸಂಗೀತಗಾರ ಗುಸ್ತಾವ್ ಹೋಲ್ಸ್ಟ್‌ನ ‘ದಿ ಪ್ಲಾನೆಟ್ಸ್’ (ಗ್ರಹಕ್ಕೊಂದು ಭಾಗ) ಪೂರ್ತಿ ನುಡಿಸ್ತಾರೆ, ಜೊತೆಗೆ ದೊಡ್ಡ ಪರದೆ ಮೇಲೆ ನಾಸಾ ತೆಗೆದ ಗ್ರಹಗಳ ಚಿತ್ರ. ನಾಲ್ಕು ಟಿಕೆಟ್ ಬೇಕು: ನಾವಿಬ್ಬರು, 7 ವರ್ಷದ ಮಗಳು, ಮೈಸೂರಿಂದ ಬಂದಿರೋ ಮಾವ (ಮಂಡಿನೋವು, ಮೆಟ್ಟಿಲು ಕಷ್ಟ). ಮುಂದಿನ ಸಾಲು 72 ಡಾಲರ್, ಬಾಲ್ಕನಿ 49, ಆರ್ಕೆಸ್ಟ್ರಾ ಹಿಂದಿನ ಸೀಟು 28. ಮಗಳಿಗೆ ಸದ್ದು ಜಾಸ್ತಿ ಆಗುತ್ತಾ? ಇಂಥದ್ದಕ್ಕೆ ಹೋದವರು ದಯವಿಟ್ಟು ಹೇಳಿ.

ಬಾಲ್ಕನಿವಾಸಿ: ಮೊದಲ ಬಾಲ್ಕನಿ, ಮಧ್ಯ, ಮೂರನೇ ಸಾಲು. ಬೇರೆ ಮಾತೇ ಇಲ್ಲ. ಪರದೆ 12 ಮೀಟರ್ ಅಗಲ ಅಂದ್ರೆ ಎತ್ತರ 6.75. ವಾದ್ಯಗಾರರ ತಲೆ ಮೇಲೆ ತೂಗಿಹಾಕೋದರಿಂದ ಅದರ ಕೆಳಗಿನ ಅಂಚೇ ಕೂತವರ ಕಣ್ಣಿಗಿಂತ 5 ಮೀಟರ್ ಮೇಲಿರುತ್ತೆ. ಪರದೆಯಿಂದ 12 ಮೀಟರ್ ದೂರ ಕೂತರೆ ನಡುಭಾಗ ನೋಡೋಕೆ ಕತ್ತು 35 ಡಿಗ್ರಿ ಎತ್ತಬೇಕು, ಅದೂ 50 ನಿಮಿಷ. ಇನ್ನು ಫುಲ್ ಎಚ್‌ಡಿ ಪ್ರೊಜೆಕ್ಟರ್ ಆದರೆ ಆ 12 ಮೀಟರ್‌ಗೆ ಇರೋದು 1920 ಚುಕ್ಕಿ, ಒಂದೊಂದೂ 6 ಮಿಲಿಮೀಟರ್ ಮೇಲೆ. 20 ಮೀಟರ್ ಒಳಗೆ ಕೂತವರಿಗೆ ಶನಿಯ ಬಳೆ ಗರಗಸದ ಹಲ್ಲು. ದುಡ್ಡು ಜಾಸ್ತಿ ಕೊಟ್ಟು ಮುಂದೆ ಕೂರೋರನ್ನ ಕಂಡರೆ ಅಯ್ಯೋ ಪಾಪ ಅನ್ಸುತ್ತೆ. ಒಂದೇ ಎಚ್ಚರಿಕೆ: ನೆಲಮಹಡಿಯಲ್ಲಿ ಬಾಲ್ಕನಿ ಸೂರಿನ ಕೆಳಗೆ ಸೇರೋ ಸಾಲುಗಳು ಬೇಡ. ಪರದೆಯ ಮೇಲ್ಭಾಗ ಕತ್ತರಿಸಿ ಹೋಗುತ್ತೆ, ಹಿತ್ತಾಳೆ ವಾದ್ಯದ ಸದ್ದು ಕಂಬಳಿ ಹೊದ್ದ ಹಾಗೆ ಬರುತ್ತೆ.

ಬೆನ್ನುನೋಡಿದವ: ಆ 28 ಡಾಲರ್ ಸೀಟಿನ ಬಗ್ಗೆ ಬರೀ ಒಂದು ಮಾತು. ಆರ್ಕೆಸ್ಟ್ರಾ ಹಿಂದಿನ ಸೀಟಿಂದ ಕಾಣೋದು ಪರದೆಯ ಬೆನ್ನು. ವೆಬ್‌ಸೈಟಿನ ನಕ್ಷೆ ‘ಪೂರ್ಣ ನೋಟ’ ಅಂತಲೇ ತೋರಿಸುತ್ತೆ, ಯಾಕಂದ್ರೆ ಆ ನಕ್ಷೆ ಮಾಮೂಲಿ ಕಛೇರಿಗೆ ಮಾಡಿದ್ದು, ಪರದೆ ಇಳಿಸೋ ರಾತ್ರಿಗಲ್ಲ. ಕೆಲವು ಸಭಾಂಗಣದವರು ಆ ಸೀಟು ಮಾರೋದನ್ನೇ ನಿಲ್ಲಿಸ್ತಾರೆ, ಕೆಲವರು ಬಾಯಿ ಮುಚ್ಕೊಂಡು ಮಾರ್ತಾರೆ. ಬಾಕ್ಸ್ ಆಫೀಸಿಗೆ ಫೋನ್ ಮಾಡಿ ಸೀಟ್ ನಂಬರ್ ಹೇಳಿ ‘ಪರದೆ ಪೂರ್ತಿ ಕಾಣುತ್ತಾ’ ಅಂತಲೇ ಕೇಳಿ. ‘ಸೀಟು ಚೆನ್ನಾಗಿದೆಯಾ’ ಅಂದ್ರೆ ಚೆನ್ನಾಗಿದೆ ಅಂತಾರೆ. ಮಾರಿದ ಟಿಕೆಟ್ ವಾಪಸ್ ಇಲ್ಲ.

ಲೆಕ್ಕದಮ್ಮ: ಸೀಟಿನ ಬೆಲೆ ನೋಡಿ ಮೋಸ ಹೋಗಬೇಡಿ. 49ರ ನಾಲ್ಕು ಟಿಕೆಟ್‌ಗೆ 196. ಆನ್‌ಲೈನಲ್ಲಿ ‘ಕನ್ವೀನಿಯನ್ಸ್ ಫೀ’ ತಲಾ 9.50, ಒಟ್ಟು 38. ‘ಫೆಸಿಲಿಟಿ ಫೀ’ ತಲಾ 4, ಒಟ್ಟು 16. ಆರ್ಡರಿಗೆ 6. ಅಲ್ಲಿಗೆ 256. ಪಾರ್ಕಿಂಗ್ 25 ಸೇರಿಸಿ 281. ಕೌಂಟರಿಗೆ ಹೋಗಿ ತಗೊಂಡರೆ 38 ಮತ್ತು 6 ಎರಡೂ ಉಳಿಯುತ್ತೆ. ಫೆಸಿಲಿಟಿ ಫೀ ಮಾತ್ರ ಎಲ್ಲಿ ತಗೊಂಡರೂ ತಪ್ಪಲ್ಲ.

ಬೆನ್ನುನೋಡಿದವ: ಕೌಂಟರಿಗೆ ಹೋಗಿ ಬರೋ ಪೆಟ್ರೋಲು ಲೆಕ್ಕದಲ್ಲಿ ಎಲ್ಲಿ ಹೋಯ್ತು ಮೇಡಂ?

ಲೆಕ್ಕದಮ್ಮ: 44 ಡಾಲರ್ ಪೆಟ್ರೋಲು ಸುಡೋ ಲಾರಿ ನಿಮ್ಮತ್ರ ಇದ್ದರೆ ಇರಲಿ.

ಖಂಡಛಾಪು: ಎಲ್ಲಾರೂ ಪರದೆ ಪರದೆ ಅಂತ ಬಡ್ಕೋತೀರಲ್ರೀ. ಹೋಲ್ಸ್ಟ್ 1914ರಿಂದ 1917ರತನ ಬರದದ್ದು ಜ್ಯೋತಿಷ್ಯದ ಗ್ರಹಗಳ ಮ್ಯಾಲೆ, ದುರ್ಬೀನಿನ ಗ್ರಹಗಳ ಮ್ಯಾಲೆ ಅಲ್ಲ. ಮಂಗಳ ಯುದ್ಧ ತರಾಂವ, ಶುಕ್ರ ಶಾಂತಿ ತರಾಕಿ. ಅದಕ್ಕ ಭೂಮಿ ಇಲ್ಲ, ಮಂಗಳದಿಂದ ಸುರು. 1918ರ ಸೆಪ್ಟೆಂಬರ್ 29ಕ್ಕ ಲಂಡನ್ನಿನ ಕ್ವೀನ್ಸ್ ಹಾಲಿನಾಗ ಏಡ್ರಿಯನ್ ಬೋಲ್ಟ್ ಮೊದಲ ಸಲ ನುಡಿಸಿದಾಗ ಯಾವ ಪರದೆ ಇತ್ತು? ಕೇಳಾಕ ಹೋಗ್ರಿ. ಮಂಗಳ 5/4, ಅಂದ್ರ ಆವರ್ತಕ್ಕ ಐದು ಎಣಿಕಿ, ನಮ್ಮ ಖಂಡಛಾಪು ತಾಳದ ಲೆಕ್ಕ. ಸುರುವಾತಿಗೆ ತಂತಿವಾದ್ಯದವರು ಬಿಲ್ಲಿನ ಕಟ್ಟಿಗಿಲೆ ಬಡೀತಾರ, ಅದು ಕೇಳಬೇಕಂದ್ರ ಮುಂದನ ಕುಂದರಬೇಕು. ಬಾಲ್ಕನಿಗೆ ಅದು ಮಳಿಹನಿ ಸಪ್ಪಳ.

ಮೃದಂಗಿ: ಖಂಡಛಾಪು 2+3. ಮಂಗಳದ್ದು 3+2. ಮೂರು ಸಣ್ಣ ಪೆಟ್ಟು ಸೇರಿ ಒಂದು ಎಣಿಕೆ, ಆಮೇಲೆ ಎರಡು ದೊಡ್ಡವು, ಅಲ್ಲಿಗೆ ಮೂರಾಯ್ತು. ಎರಡು ಅರ್ಧ ಸೇರಿ ಒಂದು, ಕೊನೆಗೊಂದು ದೊಡ್ಡದು. ಹೆಸರು ಇಟ್ಕೊಂಡ ಮೇಲೆ ತಾಳ ಸರಿ ಹಾಕಿ.

ಖಂಡಛಾಪು: ಐದು ಐದs ರೀ. ಎಲ್ಲಿ ಒಡದ್ರೂ ಐದು.

ಮೃದಂಗಿ: ಹಾಗಂದ್ರೆ 3+4ರ ಮಿಶ್ರಛಾಪು ತಾಳವನ್ನ 4+3 ಹಾಕಿ ಅದೂ ಅದೇ ಅಂತೀರಾ? ಇನ್ನೊಂದು ವಿಷಯ, ಯಾರಾದರೂ ಇದನ್ನ ದೀಕ್ಷಿತರ ನವಗ್ರಹ ಕೃತಿಗಳಿಗೆ ಹೋಲಿಸೋ ಮೊದಲೇ ಹೇಳ್ತೀನಿ. ಅಲ್ಲಿ ಅಂಗಾರಕ, ಅಂದ್ರೆ ಮಂಗಳ, ಸುರಟಿ ರಾಗ, ರೂಪಕ ತಾಳ. ಯುದ್ಧದ ಸುಳಿವೇ ಇಲ್ಲ. ಹೋಲ್ಸ್ಟ್ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳಿಗೆ ಸಂಗೀತ ಹಾಕಿದ್ದು ನಿಜ, ಹಾಗಂತ ಈ ಕೃತಿಯಲ್ಲಿ ರಾಹು ಕೇತು ಹುಡುಕಬೇಡಿ.

ವಾಯೇಜರ್_ಪುತ್ತೂರು: ಮಾರಾಯ್ರೆ, ಚಿತ್ರ ಬೇಡ ಅಂತಾದ್ರೆ ಸಿಡಿ ಕೇಳಿ ಮನೆಯಲ್ಲಿ. ಮೊದಲು ಕೇಳಬೇಕಾದ್ದು ಯಾವ ವರ್ಷದ ಚಿತ್ರ ಅಂತ. ಹ್ಯೂಸ್ಟನ್ ಸಿಂಫನಿ ಮಾಡಿಸಿದ ಚಿತ್ರ 2010ರದ್ದು. ಆಗ ಜೂನೋ ನೌಕೆ ಗುರುವಿಗೆ ತಲುಪಿಯೇ ಇರಲಿಲ್ಲ, ಅದು 2016. ಬುಧನ ಸುತ್ತ ಮೆಸೆಂಜರ್ ಸುತ್ತಲು ಸುರು ಮಾಡಿದ್ದು 2011. ಶನಿಯಲ್ಲಿ ಕಸೀನಿ ಇತ್ತು, ಹಾಗಾಗಿ ಶನಿ ಯಾವ ಆವೃತ್ತಿಯಲ್ಲೂ ಭರ್ಜರಿ. ಶುಕ್ರನ ಕಿತ್ತಳೆ ನೆಲ ಫೋಟೋ ಅಲ್ಲ, ಮೆಗೆಲನ್ ನೌಕೆಯ ರೇಡಾರ್. ಬಣ್ಣ ಹಚ್ಚಿದ್ದು ವೆನೆರಾ ನೌಕೆಗಳ ಚಿತ್ರ ನೋಡಿ. ಯುರೇನಸ್, ನೆಪ್ಚೂನ್ ಹತ್ತಿರ ಹೋದದ್ದು ವಾಯೇಜರ್ 2 ಒಂದೇ, 1986 ಮತ್ತು 1989ರಲ್ಲಿ. ಅದರ ಕ್ಯಾಮೆರಾ 800 ಗುಣಿಸು 800 ಚುಕ್ಕಿ. ಅದನ್ನೇ 12 ಮೀಟರಿಗೆ ಎಳೆದರೆ ಯುರೇನಸ್ ಒಂದು ತಿಳಿನೀಲಿ ಚೆಂಡು, ಆರು ನಿಮಿಷ. ಮತ್ತೆ ನೆಪ್ಚೂನಿನ ಆ ಗಾಢ ನೀಲಿ ಉಂಟಲ್ಲ, ಅದು ಕಾಂಟ್ರಾಸ್ಟ್ ಏರಿಸಿದ್ದು. 2024ರಲ್ಲಿ ಆಕ್ಸ್‌ಫರ್ಡಿನವರು ಸರಿಮಾಡಿದ ಮೇಲೆ ಅದೂ ಯುರೇನಸ್ಸಿನ ಹಾಗೇ ಹಸಿರುನೀಲಿ. ಹಳೇ ಆವೃತ್ತಿಗೆ 72 ಡಾಲರ್ ದಂಡ.

ಬಾಲ್ಕನಿವಾಸಿ: ಬಣ್ಣ ಯಾವುದಾದರೇನು, ಸಭಾಂಗಣದಲ್ಲಿ ಕಪ್ಪು ಕಪ್ಪಾಗಿ ಕಂಡರೆ ತಾನೇ? ನೂರರ ಹತ್ತಿರ ವಾದ್ಯಗಾರರು, ಸ್ಟ್ಯಾಂಡಿಗೊಂದು ದೀಪ. ಬೆಳಕು ಬಿಳಿ ಹಾಳೆಗೆ ಬಡಿದು ಪರದೆಗೆ ಹೋಗಿ ಆಕಾಶ ಬೂದಿಯಾಗುತ್ತೆ. ಬಯಲು ರಂಗಮಂದಿರ ಆದರೆ ಇನ್ನೂ ಗೋಳು. ಬೇಸಿಗೆಯಲ್ಲಿ ಎಂಟಕ್ಕೆ ಸುರು ಮಾಡ್ತಾರೆ, ಕತ್ತಲಾಗೋ ಹೊತ್ತಿಗೆ ಗುರು ಮುಗಿದಿರುತ್ತೆ.

ಖಂಡಛಾಪು: ಇನ್ನೊಂದು ಹೊಲಸು ಅಂದ್ರ ಕ್ಲಿಕ್. ಚಿತ್ರ ಒಂದs ವೇಗದಾಗ ಓಡೂದಿದ್ರ ಕಂಡಕ್ಟರ್ ಕಿವ್ಯಾಗ ಟಕಟಕ ಹಾಕ್ಕೊಂಡು ನಿಂದರ್ತಾರ, ಶನಿ ಎಲ್ಲಿ ಉಸಿರು ತಗೋಬೇಕೋ ಅಲ್ಲಿ ತಗೊಳ್ಳಾಂಗಿಲ್ಲ. ಛಲೋ ವ್ಯವಸ್ಥಾ ಇದ್ರ ಒಬ್ಬ ಆಪರೇಟರ್ ಸ್ಕೋರ್ (ಸ್ವರ ಬರದ ಪುಸ್ತಕ) ಮುಂದಿಟ್ಕೊಂಡು ಬಾರ್ (ಆವರ್ತ) ನಂಬರ್ ನೋಡಿ ಚಿತ್ರ ಬಿಡ್ತಾನ. ಆವಾಗ ಚಿತ್ರ ಸಂಗೀತಕ್ಕ ಕಾಯ್ತದ.

ವಾಯೇಜರ್_ಪುತ್ತೂರು: ಆಪರೇಟರ್ ಒಂದು ಪುಟ ಜಾಸ್ತಿ ಮಗುಚಿದರೆ ಶನಿ ನುಡಿಸುವಾಗ ಯುರೇನಸ್ ಬರ್ತದೆ, ಅದಕ್ಕೇನು ಹೇಳ್ತೀರಿ?

ಖಂಡಛಾಪು: ಯುರೇನಸ್ ಜಾದೂಗಾರ. ಬರಲಿ ಬಿಡ್ರಿ.

ಸಂಪಿಗೆ_ಟೆಕ್ಸಾಸ್: ಎಲ್ಲರಿಗೂ ಥ್ಯಾಂಕ್ಸ್, ಆದರೆ ಮಗಳ ಕಿವಿ, ಮಾವನ ಮಂಡಿ ಬಗ್ಗೆ ಯಾರೂ ಹೇಳಲಿಲ್ಲ.

ಮೃದಂಗಿ: ಮಕ್ಕಳ ಇಯರ್‌ಮಫ್ ತಗೊಳ್ಳಿ. ಮಂಗಳ ಮೆಲ್ಲಗೆ ಶುರುವಾಗುತ್ತೆ ಅಂತ ಕೈಚೀಲದಲ್ಲಿಟ್ಟು ಕೂರಬೇಡಿ, ಏಳು ನಿಮಿಷದೊಳಗೆ ನೆತ್ತಿಗೇರುತ್ತೆ. ಮೊದಲೇ ಕತ್ತಿಗೆ ಹಾಕಿಸಿರಿ. ಎಲ್ಲರೂ ಮಂಗಳಕ್ಕೆ ಹೆದರ್ತಾರೆ, ಮಕ್ಕಳು ಬೆಚ್ಚೋದು ಶನಿಯ ನಡುವೆ ಗಂಟೆ ಬಾರಿಸಿದಾಗ. ಯುರೇನಸ್ ಕೊನೆಯಲ್ಲಿ ಆರ್ಗನ್ ಒಂದೇ ಎಳೆತಕ್ಕೆ ಮೇಲೇರುತ್ತೆ, ಆಗಲೂ ಕಿವಿ ಮೇಲಿರಲಿ. ನೆಪ್ಚೂನಿಗೆ ತೆಗೆಸಿ, ಇಡೀ ಭಾಗ ಪಿಸುಮಾತು. ವೆಲ್ಕ್ರೊ ಚೀಲ, ಚಾಕಲೇಟು ಕಾಗದ ಎರಡೂ ನಿಷಿದ್ಧ. ಕೊನೆಗೆ ಹೆಂಗಸರ ಕೋರಸ್ ಒಳಕೋಣೆಯಿಂದ ಹಾಡುತ್ತೆ, ಬಾಗಿಲನ್ನ ಸದ್ದಿಲ್ಲದೆ ನಿಧಾನಕ್ಕೆ ಮುಚ್ಚಬೇಕು ಅಂತ ಸ್ಕೋರಿನಲ್ಲೇ ಇದೆ. ಕಾರ್ಯಕ್ರಮ ಪಟ್ಟಿಯಲ್ಲಿ ಕೋರಸ್ ಹೆಸರಿಲ್ಲ ಅಂದ್ರೆ ಕೀಬೋರ್ಡಲ್ಲಿ ತೀರಿಸ್ತಾರೆ. ಆಗ ಟಿಕೆಟ್ ದಂಡ, ಸೀಟು ಯಾವುದಾದರೂ ಸರಿ.

ಬಾಲ್ಕನಿವಾಸಿ: ಮಾವನಿಗೆ: ಬಾಲ್ಕನಿಗೆ ಲಿಫ್ಟ್ ಇದ್ದರೂ ಬಾಗಿಲಿಂದ ಸಾಲಿಗೆ ಮೆಟ್ಟಿಲು ಇರುತ್ತೆ, ಕೆಲವು ಕಡೆ ಹಿಡಿಗಂಬಿ ಇರಲ್ಲ. ಬಾಗಿಲಿನ ಮಟ್ಟದ ಸಾಲು ಯಾವುದು ಅಂತ ಕೇಳಿ ಅಲ್ಲೇ ನಾಲ್ಕೂ ತಗೊಳ್ಳಿ, ಮೂರನೇ ಸಾಲು ಬಿಡಿ. ಮತ್ತೆ ಕೋರಸ್ ಇನ್ನೂ ಕೇಳಿಸ್ತಿರುವಾಗ್ಲೇ ಪರದೆ ಮೇಲೆ ಹೆಸರುಪಟ್ಟಿ ಓಡೋಕೆ ಶುರುವಾಗುತ್ತೆ, ಅದು ನೋಡಿ ಚಪ್ಪಾಳೆ ಹೊಡೆಯೋರಿರ್ತಾರೆ.

ಖಂಡಛಾಪು: ಅದಕ್ಕs ಹೇಳಿದ್ದು, ಪರದೆ ಬ್ಯಾಡ ಅಂತ.

ಲೆಕ್ಕದಮ್ಮ: ಕೌಂಟರ್ ಸಾಮಾನ್ಯವಾಗಿ ಸೋಮವಾರ ಮುಚ್ಚಿರುತ್ತೆ, ಫೋನ್ ಮಾಡಿ ಹೋಗಿ. ಫೋನಿನಲ್ಲೇ ಟಿಕೆಟ್ ಕೊಡ್ತೀವಿ ಅಂದ್ರೆ ಬೇಡ ಅನ್ನಿ, ಅಲ್ಲೂ 9.50 ಹಾಕ್ತಾರೆ.