ಹುಟ್ಟಿನಿಂದಲೇ ಗರ್ಭಕೋಶ ಇಲ್ಲ, ಮಗು ಬೇಕು ಅಂದರೆ ಏನು ದಾರಿ?

ಬೆಟ್ಟದ_ಹುಡುಗಿ:
ನನಗೆ 26 ವರ್ಷ, ಸೋಮವಾರಪೇಟೆ ಹತ್ತಿರದವಳು. ಹದಿನೇಳಾದರೂ ಮುಟ್ಟಾಗಲಿಲ್ಲ ಅಂತ ಅವ್ವ ಮೈಸೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶ ಬೆಳೆದೇ ಇಲ್ಲ ಅಂತ ಗೊತ್ತಾಯಿತು. ರಿಪೋರ್ಟಿನಲ್ಲಿ ಎಂಆರ್‌ಕೆಎಚ್ ಅಂತ ಇದೆ. ಎರಡೂ ಅಂಡಾಶಯ ಸರಿ ಇವೆ, ಕಿಡ್ನಿ ಒಂದೇ. ಡಾಕ್ಟರು "ಮಕ್ಕಳಾಗಲ್ಲಮ್ಮ" ಅಂತ ಅಷ್ಟೇ ಹೇಳಿ ಮುಂದಿನವರನ್ನು ಕರೆದರು. ಮನೆಯಲ್ಲಿ ಅವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಪೂಜೆ ಇದ್ದಾಗ ಅತ್ತಿಗೆಯ ಹಾಗೆ ನಾನೂ ಆಗಾಗ ಮೂರು ದಿನ ದೂರ ಕೂರುತ್ತೇನೆ, ಚಾಪೆ ಬೇರೆ, ತಟ್ಟೆ ಬೇರೆ, ಯಾರಿಗೂ ಅನುಮಾನ ಬರಬಾರದು ಅಂತ.

ಈಗ ಕುಶಾಲನಗರ ಕಡೆಯಿಂದ ಒಂದು ಸಂಬಂಧ ಬಂದಿದೆ. ಹುಡುಗ ಒಳ್ಳೆಯವನು. ಮೊದಲು ಮದುವೆ ಆಗಲಿ, ಆಮೇಲೆ ನೋಡೋಣ ಅಂತಾಳೆ ಅವ್ವ. ನನಗೆ ಅದು ಸರಿ ಕಾಣುತ್ತಿಲ್ಲ. ಹೇಳುವ ಮುಂಚೆ ನಿಜವಾಗಿ ಏನೇನು ಸಾಧ್ಯ ಅಂತ ನನಗಾದರೂ ಗೊತ್ತಿರಬೇಕು ಅಲ್ವಾ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಲೇಬರ್‌ವಾರ್ಡ್_ಸಿಸ್ಟರ್, ವಿರಾಜಪೇಟೆ:
ಮೊದಲು ಒಂದು ಮಾತು ತಂಗಿ, ನೀವು ಒಬ್ಬರೇ ಅಲ್ಲ. ಸುಮಾರು 4,500ರಿಂದ 5,000 ಹೆಣ್ಣುಮಕ್ಕಳಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಹೊಟ್ಟೆಯಲ್ಲಿ ಮಗು ಬೆಳೆಯುವಾಗಲೇ ಗರ್ಭಕೋಶ ಆಗಬೇಕಾದ ಭಾಗ ಬೆಳೆಯದೆ ನಿಂತುಬಿಡುತ್ತದೆ. ಕಿಡ್ನಿಯೂ ಅದೇ ಹೊತ್ತಿಗೆ ಬೆಳೆಯುವುದರಿಂದ ಕೆಲವರಿಗೆ ಒಂದೇ ಇರುತ್ತದೆ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ಅವ್ವನ ತಪ್ಪೂ ಇಲ್ಲ.

ಅಂಡಾಶಯ ಇದೆ ಅಂದರೆ ಅಂಡಾಣು ಇದೆ. ಅಂದರೆ ನಿಮ್ಮದೇ ರಕ್ತದ ಮಗು ಆಗಲು ಸಾಧ್ಯ, ಹೊರುವುದಕ್ಕೆ ಮಾತ್ರ ಇನ್ನೊಬ್ಬರು ಬೇಕು. "ಮಕ್ಕಳಾಗಲ್ಲ" ಅನ್ನುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮದುವೆ ತಡ ಆಗುತ್ತೆ ಅನಿಸಿದರೆ ಅಂಡಾಣು ತೆಗೆಸಿ ಫ್ರೀಜ್ ಮಾಡಿಸಿ ಇಡಬಹುದು, ಮದುವೆಯಾಗದವರಿಗೂ ಕಾನೂನಿನಲ್ಲಿ ಅವಕಾಶ ಇದೆ, 10 ವರ್ಷದವರೆಗೆ ಇಡುತ್ತಾರೆ. ಗಂಡ ಹೆಂಡಿರ ಸಂಬಂಧದ ಬಗ್ಗೆ ಭಯ ಇದ್ದರೆ ಅದಕ್ಕೂ ದಾರಿ ಇದೆ. ಡೈಲೇಟರ್ ಅಂದರೆ ಪೂರ್ತಿ ಬೆಳೆಯದ ಯೋನಿದಾರಿಯನ್ನು ಹಿಗ್ಗಿಸುವ ಸಾಧನ, ಅದನ್ನು ಬಳಸಿ ನಿಧಾನವಾಗಿ ಅಭ್ಯಾಸ ಮಾಡಿದರೆ ತುಂಬಾ ಜನರಿಗೆ ಆಪರೇಷನ್ನೇ ಬೇಕಾಗುವುದಿಲ್ಲ. ಯಾರಾದರೂ ಮದುವೆಗೆ ಮುಂಚೆ ಆಪರೇಷನ್ ಮಾಡಿಸಲೇಬೇಕು ಅಂತ ಅವಸರ ಮಾಡಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿ.

ಗರ್ಭಕೋಶ ಕಸಿಯನ್ನೂ ಕೇಳಿರಬಹುದು. ಹಾಗೆ ಕಸಿ ಮಾಡಿಸಿಕೊಂಡು ಮಗು ಹೆತ್ತ ಮೊದಲ ತಾಯಿ ಸ್ವೀಡನ್‌ನವಳು, 2014ರಲ್ಲಿ. ಅವಳಿಗೂ ನಿಮ್ಮದೇ ತೊಂದರೆ, ಕಿಡ್ನಿಯೂ ಒಂದೇ. ಗರ್ಭಕೋಶ ಕೊಟ್ಟವರು 61 ವರ್ಷದ ಸ್ನೇಹಿತೆ. ಬಿಪಿ ಏರಿದ್ದರಿಂದ ದಿನ ತುಂಬುವ ಮೊದಲೇ ಸಿಸೇರಿಯನ್ ಮಾಡಬೇಕಾಯಿತು, ಮಗು ಚೆನ್ನಾಗಿದೆ. ನಮ್ಮಲ್ಲಿ ಪುಣೆಯಲ್ಲಿ 2017ರಲ್ಲಿ ಕಸಿ ಮಾಡಿದರು, 2018ರಲ್ಲಿ ಮಗು ಹುಟ್ಟಿತು. ಆದರೆ ಕಸಿ ಗರ್ಭಕೋಶ ಒಳಗೆ ಇರುವಷ್ಟು ಕಾಲ ದೇಹ ಅದನ್ನು ತಳ್ಳದ ಹಾಗೆ ಮಾತ್ರೆ ನುಂಗಬೇಕು, ಆ ಮಾತ್ರೆ ಕಿಡ್ನಿಗೆ ಭಾರ. ಒಂದೇ ಕಿಡ್ನಿ ಇರುವವರು ತುಂಬಾ ಯೋಚನೆ ಮಾಡಬೇಕು. ನನ್ನನ್ನು ಕೇಳಿದರೆ ಇದನ್ನು ಕೊನೆಯ ದಾರಿ ಅಂತ ಇಟ್ಟುಕೊಳ್ಳಿ.

ಗೋಣಿಕೊಪ್ಪ_ಅಕ್ಕ:
ನನಗೂ ಗರ್ಭಕೋಶ ಇಲ್ಲ. ನನ್ನ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ, ನನ್ನ ಚಿಕ್ಕಮ್ಮನ ಮಗಳು ಹೊತ್ತು ಹೆತ್ತುಕೊಟ್ಟಳು. ಕಾನೂನು ಬಿಗಿ ಇದೆ, ಸರಿಯಾಗಿ ತಿಳಿದುಕೊಳ್ಳಿ. 2021ರ ಬಾಡಿಗೆ ತಾಯ್ತನ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ಬಾಡಿಗೆ ತಾಯಿ ಮಾಡಿಸುವಂತಿಲ್ಲ, ಆಸ್ಪತ್ರೆ ಖರ್ಚು ಮತ್ತು 36 ತಿಂಗಳ ವಿಮೆ ಮಾತ್ರ. ಹೊರುವವಳಿಗೆ ಮದುವೆಯಾಗಿ ಸ್ವಂತ ಮಗು ಇರಬೇಕು, ವಯಸ್ಸು 25ರಿಂದ 35, ಜೀವನದಲ್ಲಿ ಒಂದೇ ಸಲ. ನಿಮಗೆ 23ರಿಂದ 50, ಗಂಡನಿಗೆ 26ರಿಂದ 55. ಮದುವೆಯೇ ಆಗದವರಿಗೆ ಈ ದಾರಿ ಇಲ್ಲ, ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಗರ್ಭಕೋಶ ಇಲ್ಲದಿರುವುದು ನಿಯಮದಲ್ಲೇ ಬರೆದಿರುವ ಕಾರಣ, ಹಾಗಾಗಿ ಜಿಲ್ಲಾ ವೈದ್ಯಕೀಯ ಮಂಡಳಿಯಲ್ಲಿ ವಾದ ಮಾಡುವ ಅಗತ್ಯ ಬರುವುದಿಲ್ಲ. ಆದರೆ ಮಗು ನಿಮ್ಮದು ಅಂತ ಮ್ಯಾಜಿಸ್ಟ್ರೇಟ್ ಆದೇಶವನ್ನು ಮುಂಚೆಯೇ ಮಾಡಿಸಿಕೊಳ್ಳಬೇಕು. ಕಾಗದಪತ್ರಕ್ಕೇ ಓಡಾಟ ಜಾಸ್ತಿ, ಕಾಫಿ ಕೊಯ್ಲಿನ ಹೊತ್ತಲ್ಲಿ ತೋಟ ಬಿಟ್ಟು ಹೋಗುವುದು ನಮಗೆ ಬಹಳ ಕಷ್ಟ ಆಯಿತು.

ಇನ್ನೊಂದು ಮಾತು. ಹೊರುವವಳನ್ನು ಒತ್ತಾಯ ಮಾಡಬೇಡಿ, ಅವಳ ಗಂಡನ ಮನೆಯವರೂ ಮನಸ್ಸಿಂದ ಒಪ್ಪಬೇಕು. ನಮ್ಮ ತಂಗಿಗೆ ಏಳನೇ ತಿಂಗಳಲ್ಲಿ ಕಾಲು ಊದಿ ಚಪ್ಪಲಿಯೇ ಹಿಡಿಯುತ್ತಿರಲಿಲ್ಲ, ಆ ಋಣ ನಾನು ಹೇಗೆ ತೀರಿಸಲಿ?

ಕಾವೇರಿತೀರ:
ನಾವು ದತ್ತು ತೆಗೆದುಕೊಂಡೆವು. ದತ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಾರಾ ಸಂಸ್ಥೆಯ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಣಿ, ಆಮೇಲೆ ಮನೆಗೆ ಬಂದು ವಿಚಾರಣೆ, ಕೊನೆಗೆ ಜಿಲ್ಲಾಧಿಕಾರಿ ಆದೇಶ. ದಂಪತಿಗೆ ಮದುವೆಯಾಗಿ ಕನಿಷ್ಠ ಎರಡು ವರ್ಷ ಆಗಿರಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಇಬ್ಬರ ವಯಸ್ಸು ಕೂಡಿ 85 ದಾಟಬಾರದು. ಒಂಟಿ ಹೆಂಗಸೂ ದತ್ತು ತೆಗೆದುಕೊಳ್ಳಬಹುದು. ಕಾಯಬೇಕು, ವರ್ಷಗಟ್ಟಲೆ ಕಾಯಬೇಕು, ಅದನ್ನು ಮುಚ್ಚಿಡುವುದಿಲ್ಲ. ದಯವಿಟ್ಟು ಆಸ್ಪತ್ರೆಯಲ್ಲಿ ಯಾರೋ ಮಗು ಕೊಡಿಸುತ್ತೇವೆ ಅಂದರೆ ನಂಬಬೇಡಿ, ಅದು ಅಪರಾಧ.

ಐನ್‌ಮನೆಯವರು, ಅಂದರೆ ನಮ್ಮ ಕೊಡವ ಕುಟುಂಬದ ಮೂಲಮನೆಯವರು, ಏನೆನ್ನುತ್ತಾರೋ ಅಂತ ನನಗೆ ಹೆದರಿಕೆ ಇತ್ತು. ನಮ್ಮ ಸುಗ್ಗಿ ಹಬ್ಬ ಹುತ್ತರಿ ದಿನ ಗದ್ದೆಯಿಂದ "ಪೊಲಿ ಪೊಲಿ ದೇವಾ" ಅಂತ ಬರುವಾಗ ಮಾವ ಕದಿರಿನಲ್ಲಿ ಒಂದನ್ನು ತೆಗೆದು ಮಗನ ಕೈಗೆ ಕೊಟ್ಟರು, ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಓಡಿದ. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಬೆಟ್ಟದ_ಹುಡುಗಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಓದುತ್ತಾ ಅತ್ತುಬಿಟ್ಟೆ. ಹುಡುಗನಿಗೆ ನಾನೇ ಹೇಳುತ್ತೇನೆ, ನಿಶ್ಚಯಕ್ಕೆ ಮುಂಚೆ. ಸಿಸ್ಟರ್, ಅಂಡಾಣು ತೆಗೆಯುವ ಇಂಜೆಕ್ಷನ್ ಒಂದೇ ಕಿಡ್ನಿ ಇರುವವರು ತಗೊಳ್ಳಬಹುದಾ?

ಲೇಬರ್‌ವಾರ್ಡ್_ಸಿಸ್ಟರ್, ವಿರಾಜಪೇಟೆ:
ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ಮೊದಲು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ, ರಿಪೋರ್ಟನ್ನು ಐವಿಎಫ್ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಅಂಡಾಶಯ ಸ್ವಲ್ಪ ಮೇಲೆ ಇರುತ್ತದೆ, ಆಗ ಹೊಟ್ಟೆಯ ಕಡೆಯಿಂದ ತೆಗೆಯುತ್ತಾರೆ, ಅದನ್ನೂ ಸ್ಕ್ಯಾನಿನಲ್ಲೇ ಕೇಳಿಕೊಳ್ಳಿ. ಹುಡುಗ ಒಪ್ಪಿದರೆ ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.