ಮೊರೇನ್ ಲೇಕ್ ಫೋಟೊ: ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು?

ಟೊರೊಂಟೊದಿಂದ ಪ್ರಶ್ನೆ

ಜುಲೈ ಕೊನೆಗೆ ಊರಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅವರನ್ನು ಆಲ್ಬರ್ಟಾದ ಬ್ಯಾನ್ಫ್ ನ್ಯಾಷನಲ್ ಪಾರ್ಕ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. 2022ರಲ್ಲಿ ನಾನು ಅಲ್ಲಿನ ಮೊರೇನ್ ಲೇಕ್ ಅನ್ನುವ ಕೆರೆಗೆ ಮಧ್ಯಾಹ್ನ ಮೂರು ಗಂಟೆಗೆ ಹೋಗಿದ್ದೆ. ಫೋಟೊದಲ್ಲಿ ಬೆಟ್ಟ ಕಪ್ಪಗೆ, ಆಕಾಶ ಪೂರ್ತಿ ಬಿಳಿ. ಈ ಸಲ ಮನೆ ಗೋಡೆಗೆ ಹಾಕುವಂಥ ಒಂದೇ ಒಂದು ಫೋಟೊ ಬೇಕು. ಹಳೆಯ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ, 18-55 ಮಿ.ಮೀ. ಜೂಮ್ ಲೆನ್ಸ್, ಹಗುರವಾದ ಟ್ರೈಪಾಡ್ ಇದೆ. ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹತ್ತಲು ಆಗುವುದಿಲ್ಲ. ಹೋಗಿ ಬಂದವರು ನಿಮ್ಮ ಅನುಭವ ಹೇಳಿ.

ಕ್ಯಾಲ್ಗರಿಯಿಂದ

ಇಲ್ಲಿಗೆ ಬಂದು ಒಂಬತ್ತು ವರ್ಷ ಆಯಿತು. ಪ್ರತಿ ಬೇಸಿಗೆಯಲ್ಲೂ ಒಂದು ಸಲವಾದರೂ ಮೊರೇನ್‌ಗೆ ಹೋಗುತ್ತೇನೆ. ನಿಮ್ಮ ಫೋಟೊ ಕೆಟ್ಟಿದ್ದು ಕ್ಯಾಮೆರಾದಿಂದ ಅಲ್ಲ, ಹೊತ್ತಿನಿಂದ. ರಾಕ್‌ಪೈಲ್ ಅನ್ನುವ ಕಲ್ಲುಗುಡ್ಡೆಯ ಮೇಲೆ ನಿಂತರೆ ನೀವು ನೋಡುವುದು ದಕ್ಷಿಣಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿದ ಹಾಗೆ. ಮಧ್ಯಾಹ್ನದ ಮೇಲೆ ಸೂರ್ಯ ಬೆಟ್ಟಗಳ ಕಡೆಗೇ ಹೋಗಿರುತ್ತಾನೆ. ನಿಮ್ಮ ಕಡೆಗಿರುವ ಮುಖ ನೆರಳಾಗಿರುತ್ತದೆ. ಆಗ ಯಾವ ಕ್ಯಾಮೆರಾ ತಂದರೂ ಅಷ್ಟೇ.

ಬೆಳಗ್ಗೆ ಹಾಗಲ್ಲ. ಬೆಳಕು ನಿಮ್ಮ ಎಡಗಡೆಯಿಂದ, ಬೆನ್ನ ಹಿಂದಿನಿಂದ ಬರುತ್ತದೆ. ಜುಲೈ ಕೊನೆಗೆ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಆರಕ್ಕೆ. ಮೊದಲು ಒಂದು ಬೆಟ್ಟದ ತುದಿಗೆ ಕುಂಕುಮ ಇಟ್ಟ ಹಾಗೆ ಒಂಚೂರು ಕೆಂಪು. ನೋಡುತ್ತಿದ್ದ ಹಾಗೇ ಪಕ್ಕದ ತುದಿಗೂ ಹತ್ತುತ್ತದೆ. ಆಮೇಲೆ ಬಿಸಿಲಿನ ಗೆರೆ ಕೆಳಗೆ ಇಳಿಯುತ್ತಾ ಕಿತ್ತಳೆಯಾಗಿ, ಹಳದಿಯಾಗುತ್ತದೆ. ಗಾಳಿ ಎದ್ದಿರದಿದ್ದರೆ ಇಷ್ಟೂ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಅಲ್ಲಿಯವರೆಗೆ ಹರಟುತ್ತಿದ್ದವರೂ ಸುಮ್ಮನಾಗಿಬಿಡುತ್ತಾರೆ.

ಈಗ ನಾನು ಹೇಳಬೇಕು ಅಂದುಕೊಂಡ ಮಾತು. ಕೆಂಪು ಹೋದ ತಕ್ಷಣ ಮುಕ್ಕಾಲು ಪಾಲು ಜನ ಟ್ರೈಪಾಡ್ ಮಡಚಿ ಇಳಿದುಬಿಡುತ್ತಾರೆ. ನೀವು ಇಳಿಯಬೇಡಿ. ಆಗ ಕೆರೆ ಇನ್ನೂ ನೆರಳಲ್ಲೇ ಇರುತ್ತದೆ, ಎಲ್ಲರೂ ಹುಡುಕಿಕೊಂಡು ಬರುವ ಆ ನೀಲಿ ಇನ್ನೂ ಬಂದಿರುವುದೇ ಇಲ್ಲ. ನೀರಿನಲ್ಲಿ ತೇಲುವ ಕಲ್ಲಿನ ಹಿಟ್ಟಿನಿಂದ ಆ ಬಣ್ಣ. ಮೇಲೆ ಹಿಮನದಿಯು ಬಂಡೆಯನ್ನು ಉಜ್ಜಿ ಉಜ್ಜಿ, ಬೀಸುವ ಕಲ್ಲಿನಲ್ಲಿ ರಾಗಿ ಬೀಸಿದ ಹಾಗೆ ನುಣ್ಣಗೆ ಮಾಡುತ್ತದೆ. ಬೇಸಿಗೆಯಲ್ಲಿ ಕರಗಿದ ನೀರು ಆ ಹಿಟ್ಟನ್ನು ಕೆರೆಗೆ ತರುತ್ತದೆ. ಮೇಲಿನಿಂದ ಬಿಸಿಲು ಬಿದ್ದಾಗಲೇ ಬಣ್ಣ ಏಳುವುದು. ನನ್ನ ಪ್ರಕಾರ ಗೋಡೆಯ ಫೋಟೊ ಸಿಗುವುದು ಎಂಟೂವರೆಯಿಂದ ಹತ್ತೂವರೆ ಒಳಗೆ. ನೀರಿಗೆ ಬಿಸಿಲು ಇಳಿದಿರುತ್ತದೆ, ಬೆಟ್ಟದ ಮುಖದ ಮೇಲೂ ಬೆಳಕು ಇರುತ್ತದೆ. ಎರಡೂ ಒಟ್ಟಿಗೆ ಸಿಗುವ ಹೊತ್ತು ಅದೊಂದೇ.

ಸೆಟ್ಟಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100, ಲೆನ್ಸಿನ ಕಿಂಡಿ ಎಫ್ 8, ಕೈ ತಾಗಿ ಅಲುಗದಿರಲು ಎರಡು ಸೆಕೆಂಡ್ ಟೈಮರ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್). ನಸುಕಿನಲ್ಲಿ ತುದಿ ಬೆಳಗುತ್ತಿರುತ್ತದೆ, ಕೆಳಗೆ ಕತ್ತಲೆ. ತುದಿ ಬೆಳ್ಳಗೆ ಹಾರಿಹೋಗದ ಹಾಗೆ ಒಂದು, ಕೆರೆ ಕಾಣುವ ಹಾಗೆ ಇನ್ನೊಂದು ತೆಗೆದು ಮನೆಯಲ್ಲಿ ಸೇರಿಸಿ. ಇನ್ನೊಂದು ವಿಷಯ: ಲೆನ್ಸ್ 18ಕ್ಕೆ ಇಟ್ಟು ತೆಗೆದರೆ ಬೆಟ್ಟ ಕುಗ್ಗಿ ಗುಡ್ಡದ ಥರ ಕಾಣುತ್ತದೆ. 28-30ಕ್ಕೆ ಇಟ್ಟು, ಕ್ಯಾಮೆರಾ ಉದ್ದಕ್ಕೆ ನಿಲ್ಲಿಸಿ, ಎಡದಿಂದ ಬಲಕ್ಕೆ ಆರೇಳು ಫೋಟೊ ತೆಗೆದು ಜೋಡಿಸಿ. ಒಂದೊಂದರಲ್ಲೂ ಹಿಂದಿನದರ ಮೂರನೇ ಒಂದು ಭಾಗ ಬರಲಿ. ಆಗ ಬೆಟ್ಟದ ಎತ್ತರ ಉಳಿಯುತ್ತದೆ.

ಎಡ್ಮಂಟನ್‌ನಿಂದ

ಮೇಲೆ ಹೇಳಿದ್ದು ಸರಿ, ಆದರೆ ಮೊದಲು ಅಲ್ಲಿಗೆ ತಲುಪಬೇಕಲ್ವಾ? 2023ರಿಂದ ಆ ರಸ್ತೆಗೆ ಸ್ವಂತ ಕಾರು ಬಿಡುವುದಿಲ್ಲ. ಪಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್ ಬಸ್ ಬುಕ್ ಮಾಡಬೇಕು. ಒಂದಷ್ಟು ಸೀಟು ಏಪ್ರಿಲ್‌ನಲ್ಲೇ ಬಿಡುತ್ತಾರೆ, ಉಳಿದಿದ್ದು ಹೋಗುವ ದಿನಕ್ಕೆ ಎರಡು ದಿನ ಮುಂಚೆ ಬೆಳಗ್ಗೆ ಎಂಟಕ್ಕೆ. ಅದು ಆಲ್ಬರ್ಟಾದ ಎಂಟು ಗಂಟೆ, ನಿಮ್ಮ ಟೊರೊಂಟೊದಲ್ಲಿ ಹತ್ತು. ಇದು ಗೊತ್ತಾಗದೆ ನಮ್ಮ ಅಕ್ಕನ ಮನೆಯವರು ಒಂದು ಸಲ ಟಿಕೆಟ್ ಕಳೆದುಕೊಂಡರು. ಸೂರ್ಯ ಹುಟ್ಟುವುದು ನೋಡಬೇಕಾದರೆ ಬೆಳಗಿನ ಜಾವ ನಾಲ್ಕು, ಐದು ಗಂಟೆಯ ಬಸ್ಸೇ ಆಗಬೇಕು. ವಾಪಸ್ ಬರುವ ಬಸ್ಸಿಗೆ ಹೊತ್ತು ಗೊತ್ತುಮಾಡಿರುವುದಿಲ್ಲ, ಕ್ಯೂನಲ್ಲಿ ನಿಂತು ಹತ್ತುವುದು. ಹಾಗಾಗಿ ಹತ್ತೂವರೆವರೆಗೆ ಕಾಯಲು ತೊಂದರೆ ಇಲ್ಲ.

ಅಮ್ಮನ ವಿಷಯ. ರಾಕ್‌ಪೈಲ್‌ಗೆ ದಾರಿ ಉದ್ದವೇನಿಲ್ಲ, ಆದರೆ ಮೆಟ್ಟಿಲುಗಳಿವೆ. ಮಂಡಿ ನೋವಿರುವವರಿಗೆ ಇಳಿಯುವಾಗಲೇ ಕಷ್ಟ. ನಮ್ಮ ಅತ್ತೆಯನ್ನು ನಾವು ಹತ್ತಿಸಲಿಲ್ಲ. ಕೆಳಗೆ ದಡದ ಪಕ್ಕ ಸಮತಟ್ಟಾದ ದಾರಿ ಇದೆ, ಅಲ್ಲೇ ಕೂತು ಫ್ಲಾಸ್ಕ್‌ನಿಂದ ಕಾಫಿ ಕುಡಿದರು. ದಡದಿಂದಲೂ ಬೆಟ್ಟಗಳು ಚೆನ್ನಾಗಿ ಕಾಣುತ್ತವೆ. ಜುಲೈ ಅಂತ ನಂಬಬೇಡಿ. ಅದು 1,800 ಮೀಟರ್‌ಗಿಂತ ಎತ್ತರದ ಜಾಗ, ನಸುಕಿನಲ್ಲಿ ಕೈ ಮರಗಟ್ಟುತ್ತದೆ. ಸ್ವೆಟರ್, ಮಂಕಿ ಕ್ಯಾಪ್, ಕೈಗವಸು ಎಲ್ಲ ಇರಲಿ. ಚಳಿಗೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಇನ್ನೊಂದು ಬ್ಯಾಟರಿಯನ್ನು ಒಳಗಿನ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ.

ಅಪ್ಪನಿಗೆ ಒಂದು ವಿಷಯ ಹೇಳಿ, ಖುಷಿಪಡುತ್ತಾರೆ. 1969 ಮತ್ತು 1979ರ ಸರಣಿಯ ಕೆನಡಾದ ಇಪ್ಪತ್ತು ಡಾಲರ್ ನೋಟಿನ ಹಿಂದೆ ಇದೇ ಕೆರೆಯ ಚಿತ್ರವಿತ್ತು.

ವ್ಯಾಂಕೂವರ್‌ನಿಂದ

ಕಾಡ್ಗಿಚ್ಚಿನ ಹೊಗೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಜುಲೈ ಕೊನೆ, ಆಗಸ್ಟ್‌ನಲ್ಲಿ ಒಂದೊಂದು ದಿನ ಬೆಟ್ಟವೇ ಮಂಕಾಗಿಬಿಡುತ್ತದೆ. ನಾನು ಹೋದ ದಿನ ಹಾಗೇ ಆಗಿತ್ತು. ದೂರದ್ದು ಬಿಟ್ಟು ದಡದ ಮರದ ದಿಮ್ಮಿ, ಕಲ್ಲು, ನೀರು ಇಷ್ಟನ್ನೇ ತೆಗೆದೆ. ಇವತ್ತಿಗೂ ಅದು ನನಗೆ ತುಂಬಾ ಇಷ್ಟದ ಫೋಟೊ. ಆದರೂ ಎರಡು ದಿನದ ಬೆಳಗ್ಗೆ ಕೈಯಲ್ಲಿಟ್ಟುಕೊಂಡರೆ ಒಳ್ಳೆಯದು. ಡ್ರೋನ್ ತರಬೇಡಿ, ನ್ಯಾಷನಲ್ ಪಾರ್ಕ್‌ಗಳಲ್ಲಿ ಹಾರಿಸುವಂತಿಲ್ಲ. ಅಳಿಲುಗಳು ಕಾಲ ಹತ್ತಿರವೇ ಬರುತ್ತವೆ, ಏನೂ ಹಾಕಬೇಡಿ ಅಂತ ಅಪ್ಪ, ಅಮ್ಮನಿಗೆ ಮೊದಲೇ ಹೇಳಿ. ಅಲ್ಲಿ ಅದು ತಪ್ಪು, ದಂಡ ಬೀಳುತ್ತದೆ.

ಟೊರೊಂಟೊದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ದಿನ ಬುಕ್ ಮಾಡಲು ನೋಡುತ್ತೇನೆ. ಹೊಳಪು ತಗ್ಗಿಸಲು ಲೆನ್ಸ್ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಕೊಳ್ಳಬೇಕಾ?

ಕ್ಯಾಲ್ಗರಿಯಿಂದ

ಕೊಳ್ಳಿ, ಆದರೆ ಸೂರ್ಯ ಹುಟ್ಟುವಾಗ ಹಾಕಬೇಡಿ. ಇರುವ ಸ್ವಲ್ಪ ಬೆಳಕನ್ನೂ ಅದು ತಿನ್ನುತ್ತದೆ. ತಿರುಗಿಸಿದರೆ ನೀರಿನಲ್ಲಿನ ಪ್ರತಿಬಿಂಬವನ್ನೂ ಅಳಿಸಿಬಿಡುತ್ತದೆ. ಒಂಬತ್ತರ ಹೊತ್ತಿಗೆ ಹಾಕಿ. ಕಣ್ಣು ಕ್ಯಾಮೆರಾಗೆ ಇಟ್ಟು ನಿಧಾನವಾಗಿ ತಿರುಗಿಸಿ. ನೀರಿನ ಮೇಲಿನ ಬಿಳಿ ಹೊಳಪು ಪರದೆ ಸರಿದ ಹಾಗೆ ಸರಿದು, ಕೆಳಗಿನ ನೀಲಿ ಮೇಲೆ ಬರುತ್ತದೆ. ಪೂರ್ತಿ ತಿರುಗಿಸಬೇಡಿ, ಆಕಾಶ ಒಂದು ಕಡೆ ಕಪ್ಪು, ಇನ್ನೊಂದು ಕಡೆ ತೆಳು ಆಗುತ್ತದೆ. ಎಡದಿಂದ ಬಲಕ್ಕೆ ಜೋಡಿಸುವ ಫೋಟೊ ತೆಗೆಯುವಾಗ ಬಿಚ್ಚಿಡಿ. ಅದೆಲ್ಲ ಮುಗಿದ ಮೇಲೆ ಕೆಳಗೆ ಬಂದು ಅಪ್ಪ, ಅಮ್ಮನನ್ನು ದಡದಲ್ಲಿ ನಿಲ್ಲಿಸಿ ಒಂದು ತೆಗೆಯಿರಿ. ಅಮ್ಮ ಸ್ವೆಟರ್ ಕೆಳಗೆ ಕೆಂಪೋ ಅರಿಶಿನ ಬಣ್ಣದ್ದೋ ಸೀರೆ ಉಟ್ಟಿರಲಿ. ಆ ನೀಲಿಯ ಮುಂದೆ ಅದು ಎಷ್ಟು ಎದ್ದು ಕಾಣುತ್ತದೆ ಅಂತ ನೀವೇ ನೋಡಿ.